ರೀಲಿಂಗ್ ಶೆಡ್‌ನಲ್ಲಿ ಬೆಳಕು: ಬೇಸಿನ್ ಮೇಲೆ ಎಷ್ಟು ಲಕ್ಸ್ ಬೇಕು, ಟ್ಯೂಬ್ ಎಲ್ಲಿ ಕಟ್ಟಬೇಕು?

ಶಿಡ್ಲಘಟ್ಟ ರೀಲರ್

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ (ರೀಲಿಂಗ್) ಶೆಡ್ ನಮ್ಮದು. 10 ಬೇಸಿನ್‌ನ (ಗೂಡು ಹಾಕುವ ನೀರಿನ ತೊಟ್ಟಿ) ಮಲ್ಟಿ ಎಂಡ್ ಘಟಕ, ಅಂದರೆ ಒಂದೊಂದು ಬೇಸಿನ್‌ನಿಂದ ಒಟ್ಟಿಗೆ 10 ನೂಲು. ಶೆಡ್ 40 ಅಡಿ ಉದ್ದ, 20 ಅಡಿ ಅಗಲ, ಮೇಲೆ ಸಿಮೆಂಟ್ ಶೀಟು. ಬೇಸಿನ್‌ಗಳೆಲ್ಲ ಒಂದೇ ಸಾಲಿನಲ್ಲಿವೆ, ಒಟ್ಟು 36 ಅಡಿ. ನೀರಿನ ಮಟ್ಟ ನೆಲದಿಂದ 3 ಅಡಿ. ಹೆಂಗಸರು ನಿಂತು ಕೆಲಸ ಮಾಡುತ್ತಾರೆ, ಬೆಳಿಗ್ಗೆ 5:30ಕ್ಕೆ ಶುರು.

ಈಗಿರುವುದು ಹಳೇ ಚೋಕ್‌ನ 36 ವಾಟ್ ಟ್ಯೂಬ್ 8, ಎಲ್ಲವೂ 12 ಅಡಿ ಎತ್ತರದಲ್ಲಿ ಕೈಮರಕ್ಕೆ ಕಟ್ಟಿದವು. ಲಕ್ಸ್ ಮೀಟರ್ (ಒಂದು ಜಾಗದ ಮೇಲೆ ಬೀಳುವ ಬೆಳಕು ಅಳೆಯುವ ಸಾಧನ) ತಂದು ನೀರಿನ ಮಟ್ಟದಲ್ಲಿ ಹಿಡಿದರೆ ಬೆಳಗಿನ ಕತ್ತಲಲ್ಲಿ 45ರಿಂದ 60, ಹಗಲು 11ಕ್ಕೆ 140 ತೋರಿಸುತ್ತದೆ. ಗೋಡೆ ಹೊಗೆ ಹಿಡಿದು ಕಪ್ಪಾಗಿದೆ. ಬೆಳಗಿನ ಮೊದಲ ಎರಡು ತಾಸಿನಲ್ಲಿ ಎಳೆ ತಪ್ಪುವುದು ಹೆಚ್ಚು, ನೂಲಿನ ಡೆನಿಯರ್ (ದಪ್ಪದ ಅಳತೆ) ಏರಿಳಿತ ಹೆಚ್ಚು. 45 ವರ್ಷ ದಾಟಿದವರು ಮಧ್ಯಾಹ್ನದ ಹೊತ್ತಿಗೆ ಹಣೆ ಹಿಡಿದುಕೊಳ್ಳುತ್ತಾರೆ.

ಅಂಗಡಿಯವರು ಎರಡು ಮೂಲೆಗೆ ಒಂದೊಂದು 200 ವಾಟ್ ಫ್ಲಡ್ ಲೈಟ್ ಹಾಕಿದರೆ ಸಾಕು ಎನ್ನುತ್ತಾರೆ. ಹಾಗೆ ಮಾಡಬಹುದೇ? ಇನ್ನೊಂದು, ಹೋದ ಸಲ ಪ್ರಯತ್ನಕ್ಕೆ ಹಾಕಿದ ಎಲ್‌ಇಡಿ ಟ್ಯೂಬ್ ನಾಲ್ಕು ತಿಂಗಳಿಗೇ ಮಿಟುಕಲು ಶುರುವಾಯಿತು. ಕಾರಣ ಏನಿರಬಹುದು?

ಬೆಳಕಿನ ವಿನ್ಯಾಸ, ತುಮಕೂರು

ಫ್ಲಡ್ ಲೈಟ್ ಬೇಡವೇ ಬೇಡ ಸರ್. 200 ವಾಟ್‌ನದು ಸುಮಾರು 20,000 ಲ್ಯೂಮೆನ್ (ದೀಪ ಒಟ್ಟು ಹೊರಬಿಡುವ ಬೆಳಕಿನ ಅಳತೆ) ಬೆಳಕನ್ನು ಅಂಗೈ ಅಗಲದ ಜಾಗದಿಂದ ಎರಚುತ್ತದೆ. ಆ ಕಡೆ ತಿರುಗಿದವರ ಕಣ್ಣು ಕುಕ್ಕುತ್ತದೆ, ಈ ಕಡೆ ತಿರುಗಿದವರ ಕೈಯ ನೆರಳು ಬೇಸಿನ್ ಮೇಲೇ ಬೀಳುತ್ತದೆ. ಮೀಟರ್ ಒಳ್ಳೆಯ ಅಂಕಿ ತೋರಿಸಬಹುದು, ಎಳೆ ಮಾತ್ರ ಕಾಣುವುದಿಲ್ಲ.

ಎಷ್ಟು ಬೇಕು ಅನ್ನುವುದಕ್ಕೆ: ಯುರೋಪಿನ ಇಎನ್ 12464 ಮಾನದಂಡದಲ್ಲಿ ನೂಲುವುದು, ರೀಲಿಂಗ್, ಸುತ್ತುವ ಕೆಲಸಕ್ಕೆ 500 ಲಕ್ಸ್ ಇಟ್ಟಿದ್ದಾರೆ, ಸೂಕ್ಷ್ಮ ಹೊಲಿಗೆಗೆ 750, ಬಣ್ಣ ನೋಡುವ ಕೆಲಸಕ್ಕೆ 1000. ನಮ್ಮಲ್ಲಿ ಐಎಸ್ 3646 ಇದೆ, ಅದೂ ಕೆಲಸ ಸೂಕ್ಷ್ಮವಾದಷ್ಟೂ ಲಕ್ಸ್ ಹೆಚ್ಚಿಸುತ್ತಾ ಹೋಗುತ್ತದೆ. ನಿಮಗೆ ಬೇಸಿನ್ ಮೇಲೆ 500 ಗುರಿ ಇರಲಿ. ಇಡೀ ಶೆಡ್‌ಗೆ 500 ಬೇಕಿಲ್ಲ, ಓಡಾಡುವ ಜಾಗಕ್ಕೆ 100 ಸಾಕು.

ನಿಮ್ಮ ಶೆಡ್‌ನಲ್ಲಿ ಟ್ಯೂಬ್‌ನ ಸಂಖ್ಯೆಗಿಂತ ದೊಡ್ಡ ತೊಂದರೆ ಅದರ ಎತ್ತರ. ಲೆಕ್ಕ ನೋಡಿ. 20 ವಾಟ್‌ನ 4 ಅಡಿ ಎಲ್‌ಇಡಿ ಬ್ಯಾಟನ್ (ಟ್ಯೂಬಿನಂಥ ಪಟ್ಟಿ ದೀಪ), 2,000 ಲ್ಯೂಮೆನ್. ಒಂದನ್ನೇ ಬೇಸಿನ್‌ನಿಂದ 8 ಅಡಿ ಮೇಲೆ ಕಟ್ಟಿದರೆ ಕೆಳಗೆ ನೇರವಾಗಿ ಬೀಳುವುದು ಸುಮಾರು 105 ಲಕ್ಸ್. ಅದನ್ನೇ 1 ಮೀಟರ್‌ಗೆ ಇಳಿಸಿದರೆ 520. ಅದೇ ಬ್ಯಾಟನ್, ಅದೇ ಕರೆಂಟು, ಐದು ಪಟ್ಟು ಬೆಳಕು. ನಿಮ್ಮ ಸಾಲು 36 ಅಡಿ ಅಲ್ಲವೇ, 9 ಬ್ಯಾಟನ್ ತುದಿಗೆ ತುದಿ ತಾಗಿಸಿ ನೀರಿನಿಂದ 4 ಅಡಿ ಮೇಲೆ (ನೆಲದಿಂದ 7 ಅಡಿ) ಒಂದೇ ಗೆರೆಯಲ್ಲಿ ಕಟ್ಟಿ. ಹೊಸದರಲ್ಲಿ 690 ಲಕ್ಸ್ ಹತ್ತಿರ ಬರುತ್ತದೆ. ಆವಿ, ಧೂಳು, ಎಲ್‌ಇಡಿ ಹಳತಾಗುವುದು ಇವಕ್ಕೆಲ್ಲ 30% ಕಳೆದರೂ 480 ಉಳಿಯುತ್ತದೆ. ಎರಡು ತುದಿಯ ಬೇಸಿನ್‌ಗೆ ಒಂದು ಪಕ್ಕದ ಬೆಳಕು ಇಲ್ಲದ ಕಾರಣ ಕಮ್ಮಿ ಬೀಳುತ್ತದೆ, ಆದ್ದರಿಂದ ಸಾಲನ್ನು ಎರಡೂ ಕಡೆ 2 ಅಡಿ ಮುಂದಕ್ಕೆ ಎಳೆಯಿರಿ. ಅಂದರೆ 10 ಬ್ಯಾಟನ್.

ಈಗ ಮುಖ್ಯವಾದ ಮಾತು. ಆ ಗೆರೆ ಬೇಸಿನ್‌ನ ಯಾವ ಭಾಗದ ಮೇಲೆ ಬರಬೇಕು? ಬೇಸಿನ್ ನೀರು ಮಲಗಿಸಿದ ಕನ್ನಡಿ. ಟ್ಯೂಬ್ ಆಚೆ ಕಡೆ ಇದ್ದರೆ ಅದರ ಬಿಂಬ ನೀರಿನಿಂದ ನೇರ ಕಣ್ಣಿಗೆ ಹೊಡೆಯುತ್ತದೆ, ಗೂಡು, ಎಳೆ ಎರಡೂ ಆ ಹೊಳಪಿನಲ್ಲಿ ಮುಳುಗಿಹೋಗುತ್ತವೆ. ಕಣ್ಣು ನೀರಿನಿಂದ 2 ಅಡಿ ಮೇಲೆ, ಬೇಸಿನ್ ಅಂಚಿನಿಂದ 1 ಅಡಿ ಹಿಂದೆ ಇದೆ ಅಂತ ಇಟ್ಟುಕೊಳ್ಳಿ. ಬೇಸಿನ್ ಒಂದೂವರೆ ಅಡಿ ಅಗಲವಿದ್ದರೆ, 4 ಅಡಿ ಎತ್ತರದ ದೀಪ ಮುಂದಿನ ಅಂಚಿನಿಂದ ಆಚೆಗೆ 2 ಅಡಿಯಿಂದ ಆರೂವರೆ ಅಡಿಯವರೆಗೆ ಎಲ್ಲೇ ಇದ್ದರೂ ನೀರಲ್ಲಿ ಬಿಂಬ ಕಾಣುತ್ತದೆ. ಹಾಗಾಗಿ ಗೆರೆಯನ್ನು ಕೆಲಸದವರ ಕಡೆಯ ಅಂಚಿನ ನೇರಕ್ಕೇ ತನ್ನಿ. ಬಿಂಬವೂ ಬರುವುದಿಲ್ಲ, ದೀಪ ತಲೆಗಿಂತ ಮುಂದಿರುವುದರಿಂದ ತಲೆಯ ನೆರಳೂ ನೀರಿಗೆ ಬೀಳುವುದಿಲ್ಲ.

ಲೆಕ್ಕ ನಂಬಬೇಡಿ, ಕನ್ನಡಿ ನಂಬಿ. ಮುಖ ನೋಡುವ ಸಣ್ಣ ಕನ್ನಡಿಯೊಂದನ್ನು ನೀರಿನ ಮಟ್ಟದಲ್ಲಿ ಮಲಗಿಸಿ, ಕೆಲಸದವರು ನಿಲ್ಲುವ ಜಾಗದಲ್ಲೇ ನಿಂತು ನೋಡಿ. ಕನ್ನಡಿಯಲ್ಲಿ ದೀಪ ಕಂಡರೆ ಅದು ತಪ್ಪು ಜಾಗದಲ್ಲಿದೆ. ಮೊದಲು ಒಂದು ಬೇಸಿನ್‌ಗೆ ಹಗ್ಗದಲ್ಲಿ ಬ್ಯಾಟನ್ ತೂಗುಬಿಟ್ಟು ನೋಡಿ, ಎತ್ತರದ ಹೆಂಗಸು, ಗಿಡ್ಡ ಹೆಂಗಸು ಇಬ್ಬರನ್ನೂ ನಿಲ್ಲಿಸಿ ಕೇಳಿ, ಆಮೇಲೆ ಕ್ಲ್ಯಾಂಪ್ ಹೊಡೆಯಿರಿ.

ಓಡಾಡುವ ಜಾಗಕ್ಕೆ ಮೇಲೆ ಇನ್ನೊಂದು 6 ಬ್ಯಾಟನ್ ಇರಲಿ. ಒಟ್ಟು 16, ಅಂದರೆ 320 ವಾಟ್. ಈಗಿನ 8 ಟ್ಯೂಬ್ ಚೋಕ್ ಸೇರಿ ಹತ್ತಿರ ಹತ್ತಿರ 380 ವಾಟ್ ಎಳೆಯುತ್ತಿವೆ. ಬೆಸ್ಕಾಂ ಬಿಲ್ ಏರುವುದಿಲ್ಲ.

ರೇಷ್ಮೆ ತಂತ್ರಜ್ಞ, ಕೋಲಾರ

ಮೇಲಿನವರು ಹೇಳಿದ್ದು ಸರಿ. ಆದರೆ ಎಳೆ ಕಾಣಿಸುವುದಕ್ಕೆ ಬೆಳಕು ಅರ್ಧ, ಹಿನ್ನೆಲೆ ಅರ್ಧ. ಒಂದು ಗೂಡಿನ ಎಳೆ ಎರಡೂವರೆ ಡೆನಿಯರ್ ಆಸುಪಾಸು, ತಲೆಕೂದಲಿಗಿಂತ ಎಷ್ಟೋ ಸಣ್ಣದು. ಬಿಳಿ ಗೋಡೆಯ ಮುಂದೆ ಬಿಳಿ ಎಳೆ 1000 ಲಕ್ಸ್ ಕೊಟ್ಟರೂ ಕಾಣುವುದಿಲ್ಲ. ಕಪ್ಪಿನ ಮುಂದೆ 300 ಲಕ್ಸ್‌ಗೇ ಮಿಂಚುತ್ತದೆ.

ಆದ್ದರಿಂದ ಎಳೆ ನೀರಿನಿಂದ ಎದ್ದು ಬಟನ್‌ಗೆ (ಎಳೆಗಳು ಒಂದಾಗಿ ಹಾಯುವ ಸಣ್ಣ ತೂತಿನ ಬಿಲ್ಲೆ) ಹೋಗುವ ಭಾಗದ ಹಿಂದೆ, ಬೇಸಿನ್ ಉದ್ದಕ್ಕೂ, 15 ಇಂಚು ಎತ್ತರದ ತಗಡಿನ ಪಟ್ಟಿ ನಿಲ್ಲಿಸಿ. ಎಳೆಗೂ ತಗಡಿಗೂ 4 ಇಂಚು ಸಂದು ಬಿಡಿ, ಇಲ್ಲದಿದ್ದರೆ ಮುರಿದ ಎಳೆ ಹೋಗಿ ಅಂಟಿಕೊಳ್ಳುತ್ತದೆ. ಬಣ್ಣಕ್ಕೆ ಶಾಲೆಯ ಕಪ್ಪು ಹಲಗೆಗೆ ಬಳಿಯುವ ಬೋರ್ಡ್ ಪೇಂಟ್ ತನ್ನಿ. ಎನಾಮಲ್ ಬೇಡ, ರೆಕ್ಸಿನ್ ಬೇಡ, ಎರಡೂ ಹೊಳೆಯುತ್ತವೆ. ಹೊಳೆಯುವ ಕಪ್ಪು ದೀಪವನ್ನು ತೋರಿಸುತ್ತದೆ, ಎಳೆಯನ್ನಲ್ಲ. ದಿನದ ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಪುಡಿ ರೇಷ್ಮೆ ಕೂತರೆ ವಾರದಲ್ಲೇ ತಗಡು ಬೂದು ಬಣ್ಣಕ್ಕೆ ತಿರುಗುತ್ತದೆ. ಮಿಶ್ರತಳಿ ಹಳದಿ ಗೂಡಿಗೂ, ದ್ವಿತಳಿ ಬಿಳಿ ಗೂಡಿಗೂ ಇದೇ ಕಪ್ಪು ಆಗುತ್ತದೆ.

ಕಪ್ಪು ಆ ಪಟ್ಟಿಗೆ ಮಾತ್ರ. ಉಳಿದ ಗೋಡೆಗೆ ಸುಣ್ಣ ಹೊಡೆಸಿ. ಹೊಗೆ ಹಿಡಿದ ಗೋಡೆ ಬಿದ್ದ ಬೆಳಕಿನ ಹತ್ತರಲ್ಲಿ ಒಂದು ಪಾಲು ತಿರುಗಿ ಕೊಟ್ಟರೆ ಹೆಚ್ಚು, ಹೊಸ ಸುಣ್ಣದ ಗೋಡೆ ಏಳು ಪಾಲು ಕೊಡುತ್ತದೆ. ಶೆಡ್‌ನಲ್ಲಿ ಇದಕ್ಕಿಂತ ಅಗ್ಗದ ದೀಪ ಇಲ್ಲ.

ಬೆಳಕು ಕಮ್ಮಿಯಾದರೆ ನೂಲು ಯಾಕೆ ಕೆಡುತ್ತದೆ ಅಂದರೆ ಇಲ್ಲಿದೆ ಲೆಕ್ಕ. 20/22 ಡೆನಿಯರ್ ನೂಲಿಗೆ ನಿಮ್ಮ ಗೂಡಿನ ಎಳೆ 2.6 ಇದ್ದರೆ 8 ಗೂಡು ಸೇರಿ 20.8 ಬರುತ್ತದೆ. ಒಂದು ಎಳೆ ತಪ್ಪಿದ್ದು ಕಣ್ಣಿಗೆ ಬೀಳದೆ ಹೋದರೆ 7 ಗೂಡಿಗೆ 18.2, ಆಗಲೇ ಅಳತೆಯಿಂದ ಆಚೆ. ಅನುಭವಿ ಕೈ ಗೂಡು ಮುಗಿಯುವ ತನಕ ಕಾಯುವುದಿಲ್ಲ. ಪದರ ತೆಳುವಾಗಿ ಒಳಗಿನ ಹುಳದ ಕಪ್ಪು ಛಾಯೆ ಕಾಣತೊಡಗಿದ ಕೂಡಲೇ ಹೊಸ ಎಳೆ ಸಿದ್ಧ ಇಟ್ಟುಕೊಳ್ಳುತ್ತದೆ. ಆ ಛಾಯೆ 50 ಲಕ್ಸ್‌ನಲ್ಲಿ ಗೊತ್ತೇ ಆಗುವುದಿಲ್ಲ. ಬೇಸಿನ್ ನೀರು ಕಂದು ತಿರುಗಿದರೂ ಇದೇ ತೊಂದರೆ, ಬೆಳಕು ಎಷ್ಟೇ ಇರಲಿ ನೀರು ಬದಲಾಯಿಸುವುದನ್ನು ಮುಂದೂಡಬೇಡಿ.

ವೈರಿಂಗ್ ಕಂಟ್ರಾಕ್ಟರ್, ಚಿಂತಾಮಣಿ

ಎಲ್‌ಇಡಿ ಟ್ಯೂಬ್ ನಾಲ್ಕು ತಿಂಗಳಿಗೆ ಮಿಟುಕಿದ್ದು ಆವಿಯಿಂದ, ಇಲ್ಲವೇ ಮೋಟರ್‌ನಿಂದ. ಹೆಚ್ಚಿನ ಪಾಲು ಎರಡರಿಂದಲೂ.

ಅಂಗಡಿಯಲ್ಲಿ ಸಿಗುವ ಸಾದಾ ಬ್ಯಾಟನ್ನಿನ ತುದಿಯ ಮುಚ್ಚಳ ಬರೀ ಒತ್ತಿ ಕೂರಿಸಿದ್ದು. ದೀಪ ಉರಿಯುವಾಗ ಒಳಗಿನ ಗಾಳಿ ಕಾದು ಹೊರಗೆ ಹೋಗುತ್ತದೆ, ಆರಿಸಿದಾಗ ಆವಿ ತುಂಬಿದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದಿನಾ ಹೀಗೆ ಉಸಿರಾಡಿ ಡ್ರೈವರ್ (ಎಲ್‌ಇಡಿಗೆ ಕರೆಂಟು ಹದ ಮಾಡಿ ಕೊಡುವ ಸರ್ಕ್ಯೂಟ್) ಬೋರ್ಡ್ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಕೆಟ್ಟದ್ದನ್ನು ಬಿಚ್ಚಿ ನೋಡಿ, ತುದಿಯಲ್ಲಿ ಹಸಿರು ಕಂಡರೆ ಇದೇ ಕಾರಣ. ಬೇಸಿನ್ ಸಾಲಿಗೆ ಐಪಿ 65 (ಧೂಳು, ಚಿಮ್ಮುವ ನೀರು ಒಳಗೆ ಹೋಗದು ಎಂಬ ಗುರುತು) ಎಂದು ಬರೆದಿರುವ, ಪಾಲಿಕಾರ್ಬೊನೇಟ್ ಮುಚ್ಚಳದ, ರಬ್ಬರ್ ಗ್ಯಾಸ್ಕೆಟ್ ಇರುವ ಫಿಟಿಂಗೇ ಬೇಕು. ತಂದಮೇಲೆ ಕೇಬಲ್ ಹೋಗುವ ತೂತಿಗೆ ಗ್ಲಾಂಡ್ (ಕೇಬಲ್ ಸುತ್ತ ಸಂದು ಮುಚ್ಚುವ ಬಿರಡೆ) ಬಿಗಿಯಾಗಿ ಕೂರಿಸದೆ ಟೇಪ್ ಸುತ್ತಿ ಬಿಡುವವರಿದ್ದಾರೆ, ಆಗ ಐಪಿ 65ಕ್ಕೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ. ಕೇಬಲ್ ಕೆಳಗಿನಿಂದ ಒಳಹೋಗಬೇಕು, ಗ್ಲಾಂಡ್‌ಗೆ ಮುಂಚೆ ಒಂದು ಬಾಗು ಕೊಡಬೇಕು. ಹನಿ ಆ ಬಾಗಿನಿಂದ ತೊಟ್ಟಿಕ್ಕುತ್ತದೆ, ಒಳಗೆ ಇಳಿಯುವುದಿಲ್ಲ.

ಲೈಟಿನ ಸರ್ಕ್ಯೂಟ್ ಮೋಟರ್‌ನಿಂದ ಬೇರೆ ಮಾಡಿ. ಮೋಟರ್ ಶುರು ಆಗುವಾಗ ವೋಲ್ಟೇಜ್ ಕುಸಿಯುತ್ತದೆ, ಆರಿಸುವಾಗ ಎಗರುತ್ತದೆ, ಅಗ್ಗದ ಡ್ರೈವರ್ ಈ ಪೆಟ್ಟು ಬಹಳ ದಿನ ತಾಳುವುದಿಲ್ಲ. ಬೋರ್ಡ್‌ನಲ್ಲಿ ಒಂದು ಸರ್ಜ್ ಪ್ರೊಟೆಕ್ಟರ್ ಇರಲಿ. 7 ಅಡಿಗೆ ಇಳಿಸಿದ ದೀಪ ಒದ್ದೆ ಕೈಗೆ ಎಟುಕುತ್ತದೆ ಅನ್ನುವುದನ್ನು ಮರೆಯಬೇಡಿ. ಆ ಸಾಲಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಕರೆಂಟು ಕೊಡಲೇಬಾರದು. ಫಿಟಿಂಗ್ ತೂಗುವ ಪೈಪು, ಬೇಸಿನ್ ಸ್ಟ್ಯಾಂಡ್ ಎರಡಕ್ಕೂ ಅರ್ಥಿಂಗ್ ಕೊಡಿ, ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಬೀಳುತ್ತದೆಯೇ ನೋಡಿ.

ಹಳೇ ಚೋಕ್ ಟ್ಯೂಬ್ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಕರೆಂಟು 50 ಹರ್ಟ್ಸ್, ಆ ಟ್ಯೂಬ್ ಸೆಕೆಂಡಿಗೆ 100 ಸಲ ಮಂದವಾಗಿ ಮತ್ತೆ ಬೆಳಗುತ್ತದೆ. ನಿಮ್ಮ ಮೋಟರ್ 1440 ಆರ್‌ಪಿಎಂ ಅಂದರೆ ಸೆಕೆಂಡಿಗೆ 24 ಸುತ್ತು. ಅದರ ಪುಲ್ಲಿಗೆ 4 ಕಡ್ಡಿ ಇದ್ದರೆ ಸೆಕೆಂಡಿಗೆ 96 ಕಡ್ಡಿ ಹಾದುಹೋಗುತ್ತವೆ. 100ಕ್ಕೂ 96ಕ್ಕೂ ಇರುವ ಆ ಸಣ್ಣ ವ್ಯತ್ಯಾಸದಿಂದ ಭರ್ರನೆ ತಿರುಗುತ್ತಿರುವ ಪುಲ್ಲಿ ಸೆಕೆಂಡಿಗೆ ಒಂದೇ ಸುತ್ತಿನಂತೆ ಹಿಂದಕ್ಕೆ ನಿಧಾನ ಹೋಗುತ್ತಿದೆ ಎನಿಸುತ್ತದೆ. ಸೀರೆ ಸೆರಗು ಹತ್ತಿರ ಹೋಗುವುದು ಇಂಥಲ್ಲೇ. ಪುಲ್ಲಿಗೆ ಗಾರ್ಡ್ ಇರಲೇಬೇಕು.

ಅಗ್ಗದ ಎಲ್‌ಇಡಿಯೂ ಹೀಗೆ ಮಿಟುಕುತ್ತದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಉರಿಸಿ, ಫೋನಿನ ಸ್ಲೋ ಮೋಷನ್‌ನಲ್ಲಿ ವಿಡಿಯೋ ಹಿಡಿಯಿರಿ. ಬೆಳಕು ಹೊಯ್ದಾಡಿದರೆ ಬೇಡ ಎನ್ನಿ. ಫೋನ್ ಇಲ್ಲದಿದ್ದರೆ ದೀಪದ ಕೆಳಗೆ ಪೆನ್ಸಿಲ್ ಹಿಡಿದು ಜೋರಾಗಿ ಆಡಿಸಿ. ಮಸುಕಾದ ಒಂದೇ ಬೀಸಣಿಗೆಯಂತೆ ಕಂಡರೆ ಒಳ್ಳೆಯದು, ಬಿಡಿಬಿಡಿ ಪೆನ್ಸಿಲ್‌ಗಳಾಗಿ ಕಂಡರೆ ಮಿಟುಕುತ್ತಿದೆ.

ದೃಷ್ಟಿ ಪರೀಕ್ಷಕಿ, ಚಿಕ್ಕಬಳ್ಳಾಪುರ

ತಲೆನೋವಿನ ವಿಚಾರಕ್ಕೆ ಬರುತ್ತೇನೆ. ಮಿಟುಕುವುದು ಕಣ್ಣಿಗೆ ತಿಳಿಯದಿದ್ದರೂ ನರಕ್ಕೆ ತಿಳಿಯುತ್ತದೆ. ಬ್ರಿಟನ್ನಿನಲ್ಲಿ 1989ರಲ್ಲಿ ಪ್ರಕಟವಾದ ಕಚೇರಿ ಅಧ್ಯಯನದಲ್ಲಿ ಹಳೇ ಚೋಕ್ ತೆಗೆದು ಹೈ ಫ್ರೀಕ್ವೆನ್ಸಿ ಎಲೆಕ್ಟ್ರಾನಿಕ್ ಚೋಕ್ ಹಾಕಿದಾಗ ತಲೆನೋವು, ಕಣ್ಣಿನ ಆಯಾಸ ಅರ್ಧಕ್ಕಿಂತ ಕಡಿಮೆಯಾದವು. ಬೇರೇನೂ ಮಾಡದಿದ್ದರೂ ಮೊದಲು ಚೋಕ್ ಟ್ಯೂಬ್ ತೆಗೆಸಿ.

45 ದಾಟಿದವರ ಕಣ್ಣಿಗೆ ಎರಡು ಕಷ್ಟ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಕಣ್ಣೊಳಗಿನ ಮಸೂರ ಹಳದಿಯಾಗುತ್ತದೆ. 20ರ ಕಣ್ಣಿನ ಪರದೆಗೆ ತಲುಪುವ ಬೆಳಕಿನ ಮೂರನೇ ಒಂದು ಪಾಲು ಮಾತ್ರ 60ರ ಕಣ್ಣಿನ ಪರದೆಗೆ ತಲುಪುತ್ತದೆ. ನಿಮ್ಮ 50 ಲಕ್ಸ್ ಹುಡುಗಿಯರಿಗೆ ಹೇಗೋ ನಡೆದೀತು, ದೊಡ್ಡವರಿಗೆ ಅದು ಕತ್ತಲೆ. ಅವರನ್ನು ಸಾಲಿನ ನಡುವಿನ ಬೇಸಿನ್‌ಗೆ ಹಾಕಿ, ಅಲ್ಲಿ ಬೆಳಕು ಹೆಚ್ಚು.

ಎರಡನೆಯದು ಕನ್ನಡಕ. ಇದನ್ನು ಯಾರೂ ಗಮನಿಸುವುದಿಲ್ಲ, ನನಗೆ ಬಹಳ ಬೇಸರದ ವಿಷಯ ಇದು. ಓದುವ ಕನ್ನಡಕವನ್ನು 40 ಸೆಂಟಿಮೀಟರ್ ದೂರಕ್ಕೆ ಲೆಕ್ಕ ಹಾಕಿ ಕೊಡುತ್ತಾರೆ. ಬೇಸಿನ್‌ನಲ್ಲಿ ಕಣ್ಣಿಗೂ ಎಳೆಗೂ 60 ಸೆಂಟಿಮೀಟರ್ ದೂರ ಇರುತ್ತದೆ. ಎರಡಕ್ಕೂ 0.8 ಡಯಾಪ್ಟರ್ (ಕನ್ನಡಕದ ಪವರ್) ವ್ಯತ್ಯಾಸ. ಹಾಗಾಗಿ ಓದುವ ಕನ್ನಡಕ ಹಾಕಿದವರು ಎಳೆ ಸ್ಪಷ್ಟವಾಗಲೆಂದು ಮುಂದಕ್ಕೆ ಬಗ್ಗುತ್ತಾರೆ. ಅಲ್ಲಿಂದ ಕುತ್ತಿಗೆ ನೋವು, ಹಣೆ ನೋವು, ಮುಖಕ್ಕೆ ಆವಿ. ಪರೀಕ್ಷೆಗೆ ಕಳಿಸುವಾಗ ಬೇಸಿನ್ ದೂರವನ್ನು ದಾರದಲ್ಲಿ ಅಳೆದು, ಆ ದಾರವನ್ನೇ ಕೈಗೆ ಕೊಟ್ಟು ಕಳಿಸಿ. "ಈ ದೂರಕ್ಕೆ ಕಾಣಬೇಕು" ಅಂತ ಹೇಳಿದರೆ ಪರೀಕ್ಷಿಸುವವರಿಗೆ ಅರ್ಥವಾಗುತ್ತದೆ. ಆದರೂ ಮಧ್ಯಾಹ್ನದ ನೋವು ನಿಲ್ಲದಿದ್ದರೆ ಬಿ.ಪಿ. ನೋಡಿಸಿ, ಎಲ್ಲವನ್ನೂ ದೀಪದ ತಲೆಗೆ ಕಟ್ಟಬಾರದು.

ನಿದ್ದೆಯ ಬಗ್ಗೆಯೂ ಎರಡು ಮಾತು. 5:30ಕ್ಕೆ ಬರುವವರು ನಾಲ್ಕಕ್ಕೇ ಎದ್ದಿರುತ್ತಾರೆ. ಕಣ್ಣಿನ ಪರದೆಯಲ್ಲಿ ನೋಡುವುದಕ್ಕಲ್ಲದೆ ದೇಹಕ್ಕೆ ಹಗಲು ರಾತ್ರಿ ತಿಳಿಸುವುದಕ್ಕೇ ಬೇರೆ ಕೋಶಗಳಿವೆ, 480 ನ್ಯಾನೋಮೀಟರ್ ಸುತ್ತಿನ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಅವಕ್ಕೆ ಬೇಕಾದಷ್ಟು ಬೆಳಕು ಶೆಡ್ ಒಳಗೆ ಸಿಗುವುದು ಕಷ್ಟ. ಮೋಡದ ದಿನವೂ ಬಯಲಲ್ಲಿ ಸಾಮಾನ್ಯವಾಗಿ ಸಾವಿರಾರು ಲಕ್ಸ್ ಇರುತ್ತದೆ. ಆದ್ದರಿಂದ 8 ಗಂಟೆಯ ಟೀ ಶೆಡ್ ಒಳಗೆ ಕೊಡಬೇಡಿ, ಹೊರಗೆ ಅಂಗಳದಲ್ಲಿ ಕೊಡಿ. ಹತ್ತು ನಿಮಿಷ ದೂರ ನೋಡಿದಂತೆಯೂ ಆಗುತ್ತದೆ.

ಶಿಡ್ಲಘಟ್ಟ ರೀಲರ್

ಎಲ್ಲರಿಗೂ ಧನ್ಯವಾದ. ಕನ್ನಡಿ ಇಟ್ಟು ನೋಡಿದರೆ ಹತ್ತರಲ್ಲಿ ಆರು ಬೇಸಿನ್‌ನಲ್ಲಿ ಟ್ಯೂಬ್ ಕಾಣುತ್ತಿದೆ. ಇನ್ನು ಮೂರು ಪ್ರಶ್ನೆ ಇವೆ. ಬಿಳಿ ಬೆಳಕಲ್ಲಿ ಯಾವುದು, 4000 ಕೆಲ್ವಿನ್ನೋ (ನಸು ಬೆಚ್ಚನೆಯ ಬಿಳಿ) 6500 ಕೆಲ್ವಿನ್ನೋ (ನೀಲಿ ಛಾಯೆಯ ಬಿಳಿ)? ಬದಲಾಯಿಸಿದ ಮೇಲೆ ಲಾಭ ಆಯಿತೋ ಇಲ್ಲವೋ ತಿಳಿಯುವುದು ಹೇಗೆ, ಒಂದೊಂದು ಲಾಟ್ ಗೂಡು ಒಂದೊಂದು ಥರ ಇರುತ್ತದಲ್ಲ? ಕೆಲಸದವರ ಬೆನ್ನ ಹಿಂದೆ ಉತ್ತರದ ಗೋಡೆ, ಅಲ್ಲಿ ಕಿಟಕಿ ತೆರೆದರೆ ಹಗಲು ದೀಪ ಆರಿಸಬಹುದೇ?

ರೇಷ್ಮೆ ತಂತ್ರಜ್ಞ, ಕೋಲಾರ

ಬೇಸಿನ್‌ಗೆ 4000 ಸಾಕು, ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕಿ) 80ಕ್ಕಿಂತ ಕಮ್ಮಿ ಇರಬಾರದು. ಲಡಿ ಬಣ್ಣ ನೋಡಿ ವಿಂಗಡಿಸುವ ಮೇಜಿಗೆ ಮಾತ್ರ 6500, ಸಿಆರ್‌ಐ 90, 1000 ಲಕ್ಸ್.

ಲಾಭ ಅಳೆಯುವುದರಲ್ಲಿ ಬಹಳ ಜನ ಎಡವುತ್ತಾರೆ. ಅಮೆರಿಕದ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1927ರವರೆಗೆ ಬೆಳಕು ಹೆಚ್ಚು ಕಮ್ಮಿ ಮಾಡಿ ಉತ್ಪಾದನೆ ಅಳೆದರು. ಹೆಚ್ಚಿಸಿದರೂ ಏರಿತು, ಇಳಿಸಿದರೂ ಏರಿತು ಎಂಬ ಮಾತು ಪಠ್ಯಪುಸ್ತಕ ಸೇರಿತು. 2011ರಲ್ಲಿ ಹಳೇ ಅಂಕಿಗಳನ್ನು ಮತ್ತೆ ಜಾಲಾಡಿದಾಗ ಬೇರೆ ಸಂಗತಿ ಸಿಕ್ಕಿತು. ದೀಪ ಬದಲಾಯಿಸುತ್ತಿದ್ದದ್ದು ಭಾನುವಾರ. ದೀಪ ಮುಟ್ಟದ ವಾರಗಳಲ್ಲೂ ಸೋಮವಾರದ ಉತ್ಪಾದನೆ ಹಿಂದಿನ ಶನಿವಾರಕ್ಕಿಂತ ಹೆಚ್ಚೇ ಇರುತ್ತಿತ್ತು. ನೀವೂ ರಜೆ ದಿನ ದೀಪ ಕಟ್ಟಿಸಿ ಮಾರನೇ ದಿನದ ನೂಲು ತೂಗಿ ಖುಷಿಪಟ್ಟರೆ ಅದೇ ತಪ್ಪಾಗುತ್ತದೆ.

ಹೀಗೆ ಮಾಡಿ. ಮೊದಲು 5 ಬೇಸಿನ್‌ಗೆ ಮಾತ್ರ ಹೊಸ ಬೆಳಕು, ಕಪ್ಪು ತಗಡು ಕೊಡಿ, ಉಳಿದ 5 ಹಳೇದರಲ್ಲೇ ಇರಲಿ, ನಡುವೆ ಗೋಣಿ ಪರದೆ ಇಳಿಬಿಡಿ. ಎರಡೂ ಗುಂಪಿಗೆ ಒಂದೇ ಲಾಟ್, ಒಂದೇ ಬೇಯಿಸಿದ ಹದ. ಕೆಲಸದವರನ್ನು ದಿನ ಬಿಟ್ಟು ದಿನ ಅದಲು ಬದಲು ಮಾಡಿ, ಇಲ್ಲದಿದ್ದರೆ ನೀವು ಅಳೆಯುವುದು ಕೈಚಳಕವನ್ನು. ಪ್ರತಿ ಬೇಸಿನ್‌ಗೆ ಒಂದು ಸ್ಲೇಟು ತೂಗುಹಾಕಿ, ಎಳೆ ತುಂಡಾಗಿ ಗಂಟು ಹಾಕಿದಾಗಲೆಲ್ಲ ಒಂದು ಗೆರೆ. 5:30ರಿಂದ 7:30ರ ಗೆರೆ ಬೇರೆ, ಆಮೇಲಿನದು ಬೇರೆ ಎಣಿಸಿ. ವೇಸ್ಟ್ ಕೂಡ ಗುಂಪುವಾರು ತೂಗಿ. 12 ಕೆಲಸದ ದಿನ ಸಾಕು. ರೆಂಡಿಟ್ಟಾ (ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹೋಯಿತು ಎಂಬ ಲೆಕ್ಕ) ನೋಡಬಹುದು, ಆದರೆ ಅದರಲ್ಲಿ ಗೂಡಿನ ಗುಣವೇ ಹೆಚ್ಚು ಮಾತಾಡುತ್ತದೆ. ತುಂಡಿನ ಲೆಕ್ಕ ಬೆಳಕಿಗೆ ಹತ್ತಿರದ್ದು.

ಮೀಟರ್ ಹಿಡಿಯುವುದು ಸೂರ್ಯ ಹುಟ್ಟುವ ಮುಂಚೆ, ದೀಪ ಹಾಕಿ 15 ನಿಮಿಷ ಆದಮೇಲೆ. ಬೇಸಿನ್‌ಗೆ ಮೂರು ಕಡೆ: ಎಡ ತುದಿ, ನಡು, ಬಲ ತುದಿ. ಅತಿ ಕಡಿಮೆಯದು ಸರಾಸರಿಯ 60%ಗಿಂತ ಕೆಳಗೆ ಇಳಿಯಬಾರದು. ಆಮೇಲೆ ಹದಿನೈದು ದಿನಕ್ಕೊಮ್ಮೆ ಮುಚ್ಚಳ ಒರೆಸಿ.

ಬೆಳಕಿನ ವಿನ್ಯಾಸ, ತುಮಕೂರು

ಬೆನ್ನ ಹಿಂದೆ ಉತ್ತರದ ಗೋಡೆ ಇರುವುದು ನಿಮ್ಮ ಅದೃಷ್ಟ. ಹಿಂದಿನಿಂದ, ತಲೆಯ ಮೇಲಿಂದ ಹಾದು ಬರುವ ಹಗಲು ಬೆಳಕು ಎಳೆಯ ಮೇಲೆ ಬೀಳುತ್ತದೆ, ಹಿನ್ನೆಲೆಯ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಕಿಟಕಿ ಎದೆಮಟ್ಟಕ್ಕೆ ಬೇಡ, ಅಲ್ಲಿಟ್ಟರೆ ಅವರ ಮೈಯೇ ಅಡ್ಡ ಬರುತ್ತದೆ. ನೆಲದಿಂದ 7 ಅಡಿ ಮೇಲೆ, 2 ಅಡಿ ಎತ್ತರದ ಉದ್ದನೆಯ ಪಟ್ಟಿಯಾಗಿ ತೆರೆಯಿರಿ. ಮಾಡಿಗೆ ಪಾರದರ್ಶಕ ಶೀಟು ಹಾಕುವ ಯೋಚನೆ ಇದ್ದರೆ ಬೇಸಿನ್ ನೇರಕ್ಕೆ ಬೇಡ, ಬಿಸಿಲಿನ ತುಂಡು ನೀರಿನ ಮೇಲೆ ಹರಿದಾಡುತ್ತದೆ. ಹಾಕುವುದಾದರೆ ಓಡಾಡುವ ಜಾಗದ ಮೇಲೆ, ಹಾಲು ಬಿಳುಪಿನದು.

ಆದರೆ ಉತ್ತರದ ಕಿಟಕಿಗೆ ಮಧ್ಯಾಹ್ನದ ಬಿಸಿಲು ಬರುವುದೇ ಇಲ್ಲ ಎಂಬ ಮಾತು ಯುರೋಪಿಗೆ ಸರಿ, ನಮಗಲ್ಲ. ಶಿಡ್ಲಘಟ್ಟ ಸುಮಾರು 13.4 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ 25ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ 17ರ ಸುಮಾರಿನವರೆಗೆ ಉತ್ತರದಲ್ಲೇ ಇರುತ್ತಾನೆ, ಜೂನ್ 21ಕ್ಕೆ ನೆತ್ತಿಯಿಂದ 10 ಡಿಗ್ರಿಯಷ್ಟು. ಮಧ್ಯಾಹ್ನದ ಬಿಸಿಲು ಹೆಚ್ಚುಕಡಿಮೆ ನೇರ ಮೇಲಿಂದ ಬೀಳುತ್ತದೆ, ಒಂದಡಿ ಸಜ್ಜಾ ಸಾಕು. ತೊಂದರೆ ಕೊಡುವುದು ಬೆಳಿಗ್ಗೆ ಏಳರ ಬಿಸಿಲು, ಈಶಾನ್ಯದಿಂದ ಓರೆಯಾಗಿ ನುಗ್ಗುವಂಥದ್ದು. ಅದಕ್ಕೆ ಕಿಟಕಿ ಪಟ್ಟಿಯ ಹೊರಗೆ 2 ಅಡಿಗೊಂದರಂತೆ, 1 ಅಡಿ ಹೊರಚಾಚಿದ ನಿಲುವು ತಗಡು ಕೂರಿಸಿ, ಒಳಮೈಗೆ ಸುಣ್ಣ ಬಳಿಯಿರಿ.

ಹಗಲು ಪೂರ್ತಿ ದೀಪ ಆರಿಸಬಹುದು ಅಂತ ಹೇಳಲಾರೆ, ಮಳೆಗಾಲದ ಮೋಡಕ್ಕೆ ಬೇಕಾಗುತ್ತದೆ. ಬೇಸಿನ್ ಸಾಲನ್ನು ಎರಡು ಸ್ವಿಚ್‌ಗೆ ಹಾಕಿ, ಒಂದು ಬಿಟ್ಟು ಒಂದು ಬ್ಯಾಟನ್ ಉರಿಯುವಂತೆ. ಅರ್ಧ ಆರಿಸಿದ ಮೇಲೂ ಮೀಟರ್ 500 ದಾಟುತ್ತಿದ್ದರೆ ಹಾಗೇ ಇರಲಿ, ಮೋಡ ಕವಿದಾಗ ಹಾಕಿ. ಸ್ವಿಚ್ ಬೋರ್ಡ್ ಕೆಲಸದವರ ಕೈಗೆ ಎಟುಕುವ ಒಣ ಗೋಡೆಯ ಮೇಲಿರಲಿ. ಬೆಳಕು ಸಾಲದು ಅಂತ ಮೊದಲು ತಿಳಿಯುವುದು ಅವರಿಗೇ.